ರಾಬರ್ಟ್ ಮೆಕ್ಯಾರಿಸನ್: ಜೀವನಚರಿತ್ರೆಯ ಮೂಲಕ ಒಂದು ವಿಜ್ಞಾನ ಪಾಠ

ಕೆಂಗೇರಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆ ನಡೆಯಿತು. ಒಂಬತ್ತನೆಯ ತರಗತಿಗೆ ನೀರು, ಖನಿಜ ಮತ್ತು ಪೋಷಕಾಂಶಗಳ ಬಗ್ಗೆ ಪೂರಕ ಪಾಠವೊಂದನ್ನು ಮಾಡಬೇಕಿತ್ತು. ಆ ತರಗತಿಯ ಮಕ್ಕಳಲ್ಲಿ ಕೆಲವರ ಮನೆಗೆ ಕಾವೇರಿ ನೀರು ಬರುತ್ತದೆ, ಕೆಲವರ ಮನೆಗೆ ಬೋರ್‌ವೆಲ್ ನೀರು, ಇನ್ನು ಕೆಲವರಿಗೆ ಟ್ಯಾಂಕರ್ ನೀರು. ಪೂರ್ವಜ್ಞಾನ ಪರೀಕ್ಷೆಗೆಂದು ಹಿಂದಿನ ದಿನವೇ ಅವರವರ ಮನೆಯ ನೀರು ಕಾಯಿಸುವ ಪಾತ್ರೆಯ ತಳವನ್ನು ನೋಡಿಕೊಂಡು ಬರಲು ಹೇಳಿದ್ದೆ. ಬೋರ್‌ವೆಲ್ ನೀರಿನ ಮನೆಗಳ ಮಕ್ಕಳೆಲ್ಲ ಬಿಳಿ ಪದರದ ವಿಷಯ ಹೇಳಿದರು. ಒಬ್ಬ ಹುಡುಗ ಅದನ್ನು ಚಮಚದಿಂದ ಕೆರೆದು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದ. ಪಾತ್ರೆಯಲ್ಲಿ ಕೂರುವ ಈ ಸುಣ್ಣ ನಮ್ಮ ದೇಹದೊಳಗೂ ಕೂರುತ್ತದೆಯೇ ಎಂಬುದು ಅವನ ಪ್ರಶ್ನೆ.

ಪಾಠ ಯೋಜನೆ ತಯಾರಿಸುವಾಗ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಜೀವನಚರಿತ್ರಾ ವಿಧಾನವನ್ನು ಬಳಸಿ ನೋಡಲು ಸೂಚಿಸಿದ್ದರು. ನಾನು ಆಯ್ದುಕೊಂಡದ್ದು ಸರ್ ರಾಬರ್ಟ್ ಮೆಕ್ಯಾರಿಸನ್ ಅವರ ಜೀವನವನ್ನು. ಆ ಹುಡುಗ ಕೇಳಿದ್ದಕ್ಕೆ ಹತ್ತಿರವಾದ ಪ್ರಶ್ನೆಯನ್ನು ಸುಮಾರು ನೂರು ವರ್ಷಗಳ ಹಿಂದೆ ನಮ್ಮ ನೆರೆಯ ನೀಲಗಿರಿಯಲ್ಲಿ ಕುಳಿತು ಕೇಳಿಕೊಂಡವರು ಅವರು. ಪಾಠದಲ್ಲಿ ನಾನು ಹೇಳಿದ ಕಥೆಯನ್ನೂ, ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆದಿದ್ದೇನೆ.

ಮೆಕ್ಯಾರಿಸನ್ ಹುಟ್ಟಿದ್ದು 1878ರ ಮಾರ್ಚ್ 15ರಂದು, ಐರ್ಲೆಂಡಿನ ಪೋರ್ಟಡೌನ್ ಎಂಬ ಊರಿನಲ್ಲಿ. ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನಲ್ಲಿ ಓದಿ 1900ರಲ್ಲಿ ವೈದ್ಯ ಪದವಿ ಪಡೆದರು. ಭಾರತೀಯ ವೈದ್ಯಕೀಯ ಸೇವೆಗೆ ಸೇರಿ, ಇಪ್ಪತ್ತಮೂರು ತುಂಬಿದ ದಿನವೇ ಭಾರತಕ್ಕೆ ಹಡಗು ಹತ್ತಿದರು. ಮೊದಲ ಕೆಲಸ ಅಫ್ಘಾನಿಸ್ತಾನದ ಗಡಿಯ ಚಿತ್ರಾಲ್‌ನಲ್ಲಿದ್ದ ಭಾರತೀಯ ಸೈನಿಕರ ಆರೋಗ್ಯ ನೋಡಿಕೊಳ್ಳುವುದು. ಅಲ್ಲಿ ಬೇಸಿಗೆಯಲ್ಲಿ ಬಂದು ಮೂರು ದಿನ ಕಾಡಿ ಹೋಗುವ ಒಂದು ಜ್ವರವಿತ್ತು. ಅದು ಮರಳುನೊಣದ ಕಡಿತದಿಂದ ಬರುತ್ತದೆಂದು ಅವರು ಬರೆದರು. ಪ್ರಯೋಗಾಲಯವಿಲ್ಲದ ಜಾಗದಲ್ಲಿ ಸುಮ್ಮನೆ ಗಮನಿಸಿ, ಲೆಕ್ಕವಿಟ್ಟು ಕಂಡುಕೊಂಡ ವಿಷಯ ಇದು. ಮಕ್ಕಳಿಗೆ ವೀಕ್ಷಣಾ ಕೌಶಲದ ಉದಾಹರಣೆಯಾಗಿ ನಾನು ಇಲ್ಲಿಂದಲೇ ಆರಂಭಿಸಿದೆ.

1904ರಿಂದ 1911ರವರೆಗೆ ಅವರು ಗಿಲ್ಗಿಟ್‌ನಲ್ಲಿ ಸರ್ಕಾರಿ ವೈದ್ಯರಾಗಿದ್ದರು. ಅಲ್ಲಿ ಗಳಗಂಡ ರೋಗ ಬಹಳ. ಒಂದೇ ನೀರಿನ ಕಾಲುವೆ ಮೇಲಿನಿಂದ ಕೆಳಕ್ಕೆ ಹಲವು ಹಳ್ಳಿಗಳನ್ನು ಹಾಯ್ದು ಹೋಗುತ್ತಿತ್ತು. ಮೇಲಿನ ಹಳ್ಳಿಯಲ್ಲಿ ಗಳಗಂಡ ಕಡಿಮೆ, ಕೆಳಗೆ ಹೋದಂತೆಲ್ಲ ಹೆಚ್ಚು. ಪ್ರತ್ಯೇಕ ಒರತೆಯ ನೀರು ಕುಡಿಯುವ ಹಳ್ಳಿಯಲ್ಲಿ ರೋಗದ ಕಾಟವೇ ಇರಲಿಲ್ಲ. ಮೆಕ್ಯಾರಿಸನ್ ಆ ನೀರಿನ ಗಸಿಯನ್ನು ತೆಗೆದು ತಾವೂ ಕುಡಿದರು, ಒಪ್ಪಿ ಮುಂದೆ ಬಂದವರಿಗೂ ಕೊಟ್ಟರು. ಹಸಿ ಗಸಿ ಕುಡಿದವರಲ್ಲಿ ಕೆಲವರ ಥೈರಾಯ್ಡ್ ಗ್ರಂಥಿ ಊದಿತು. ಕುದಿಸಿದ ಗಸಿ ಕುಡಿದವರಿಗೆ ಊದಲಿಲ್ಲ. ಕುದಿಸಿದರೆ ಸಾಯುವುದು ಸೂಕ್ಷ್ಮಜೀವಿ. ಆದ್ದರಿಂದ ಗಳಗಂಡಕ್ಕೆ ಕೊಳಕು ನೀರಿನ ಸೋಂಕೇ ಕಾರಣ ಎಂದು ಅವರು ತೀರ್ಮಾನಿಸಿದರು. ಈ ತೀರ್ಮಾನದ ಮುಂದಿನ ಕಥೆಗೆ ಆಮೇಲೆ ಬರುತ್ತೇನೆ.

ಗಿಲ್ಗಿಟ್‌ನ ಆಚೆ ಹುಂಜಾ ಕಣಿವೆ. ಅಲ್ಲಿಯ ಜನರ ಗಟ್ಟಿ ಆರೋಗ್ಯ ಅವರ ಕಣ್ಣಿಗೆ ಬಿತ್ತು. ತವುಡು ತೆಗೆಯದ ಧಾನ್ಯ, ತರಕಾರಿ, ಏಪ್ರಿಕಾಟ್ ಹಣ್ಣು, ಸ್ವಲ್ಪ ಹಾಲು ಅವರ ಊಟ. ರೋಗ ಏಕೆ ಬರುತ್ತದೆ ಎಂದು ಕೇಳುತ್ತಿದ್ದ ವೈದ್ಯರು ಆರೋಗ್ಯ ಏಕೆ ಉಳಿಯುತ್ತದೆ ಎಂದೂ ಕೇಳಲು ಶುರುಮಾಡಿದರು. ಅವರ ಮುಂದಿನ ಕೆಲಸಕ್ಕೆಲ್ಲ ಈ ಎರಡನೆಯ ಪ್ರಶ್ನೆಯೇ ದಾರಿಯಾಯಿತು.

ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಅವರು ಕೂನೂರಿನ ಪಾಶ್ಚರ್ ಸಂಸ್ಥೆಗೆ ಬಂದರು. ಸಿಕ್ಕಿದ್ದು ಒಂದೇ ಕೋಣೆಯ ಪ್ರಯೋಗಾಲಯ. ಬೆರಿಬೆರಿ ರೋಗದ ತನಿಖೆ ಅವರ ಪಾಲಿಗೆ ಬಂತು. ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ತಿಂದ ಪಾರಿವಾಳಗಳ ನರಗಳು ಸೋಲುವುದನ್ನೂ, ಕೊರತೆಯ ಆಹಾರ ತಿಂದ ಕೋತಿಗಳ ಕರುಳು ಹಾಳಾಗುವುದನ್ನೂ ಅವರು ದಾಖಲಿಸಿದರು. ಈ ಕೆಲಸ 1921ರಲ್ಲಿ ಪುಸ್ತಕವಾಯಿತು. ಆದರೆ 1923ರಲ್ಲಿ ಸರ್ಕಾರದ ಖರ್ಚು ಕಡಿತದ ಹೆಸರಿನಲ್ಲಿ ಆ ತನಿಖೆಯನ್ನೇ ನಿಲ್ಲಿಸಲಾಯಿತು. ಎರಡು ವರ್ಷದ ನಂತರ, 1925ರಲ್ಲಿ, ಅದು ಮತ್ತೆ ಆರಂಭವಾಯಿತು. 1929ರ ಹೊತ್ತಿಗೆ ಆ ಒಂದು ಕೋಣೆ ಪೋಷಣಾ ಸಂಶೋಧನಾ ಪ್ರಯೋಗಾಲಯವಾಗಿ ಬೆಳೆಯಿತು. ಮೆಕ್ಯಾರಿಸನ್ ಅದರ ಮೊದಲ ನಿರ್ದೇಶಕರು.

ಕೂನೂರಿನ ಕೆಲಸಗಳಲ್ಲಿ ಎರಡು ನನ್ನ ಪಾಠದ ಜೀವಾಳ. ಮೊದಲನೆಯದು ಆಹಾರದ ಹೋಲಿಕೆ. ಅವರು ಒಂದೇ ವಯಸ್ಸಿನ, ಒಂದೇ ತೂಕದ ಬಿಳಿ ಇಲಿಮರಿಗಳ ಏಳು ಗುಂಪು ಮಾಡಿ, ಪ್ರತಿ ಗುಂಪಿಗೆ ಭಾರತದ ಒಂದೊಂದು ಕಡೆಯ ಜನರ ಊಟವನ್ನು ಕೊಟ್ಟರು. ಕೊನೆಗೆ ಸರಾಸರಿ ತೂಕ ಹೀಗಿತ್ತು: ಸಿಖ್ಖರ ಊಟ ತಿಂದವು 235 ಗ್ರಾಂ, ಪಠಾಣರದ್ದು 230, ಮರಾಠರದ್ದು 225, ಗೂರ್ಖರದ್ದು 200, ಕನ್ನಡಿಗರದ್ದು 185, ಬಂಗಾಳಿಗಳದ್ದು 180, ಮದರಾಸಿನವರದ್ದು 155. ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಸ್ತಂಭಾಲೇಖವಾಗಿ ಬರೆಸಿದೆ. ಕನ್ನಡಿಗರು ಐದನೆಯ ಸ್ಥಾನದಲ್ಲಿದ್ದಾರೆಂದು ತಿಳಿದಾಗ ತರಗತಿಯಲ್ಲಿ ದೊಡ್ಡ ಗದ್ದಲವೇ ಆಯಿತು. ರಾಗಿ ಮುದ್ದೆಯ ಪರವಾಗಿ ವಾದಿಸಲು ನಾಲ್ಕು ಜನ ಎದ್ದು ನಿಂತರು. ಇದು ಜನಾಂಗಗಳ ಪಂದ್ಯವಲ್ಲ, ತಟ್ಟೆಗಳ ಹೋಲಿಕೆ ಎಂದು ವಿವರಿಸಿದೆ. ಮೊದಲ ಸ್ಥಾನದ ತಟ್ಟೆಯಲ್ಲಿ ತವುಡು ಸಹಿತ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆಕಾಳು, ಹಸಿ ತರಕಾರಿ ಇದ್ದವು. ಕೊನೆಯ ತಟ್ಟೆಯಲ್ಲಿ ಬಹುಪಾಲು ಅಕ್ಕಿಯೇ ಇತ್ತು. ಇಂಗ್ಲೆಂಡಿನ ಬಡವರ ಊಟವನ್ನೂ ಅವರು ಬಿಡಲಿಲ್ಲ. ಬಿಳಿ ಬ್ರೆಡ್ಡು, ಮಾರ್ಗರೀನ್, ಸಕ್ಕರೆ ಹಾಕಿದ ಚಹಾ, ಡಬ್ಬಿ ಮಾಂಸ ತಿಂದ ಇಲಿಗಳು ಕುಗ್ಗಿದವು, ಕೊನೆಗೆ ಒಂದನ್ನೊಂದು ಕೊಂದು ತಿನ್ನತೊಡಗಿದವು.

ಎರಡನೆಯದು ಮೂತ್ರಕೋಶದ ಕಲ್ಲಿನ ಪ್ರಯೋಗ. ಆ ಕಾಲದಲ್ಲಿ ಉತ್ತರ ಮತ್ತು ವಾಯವ್ಯ ಭಾರತದಲ್ಲಿ ಈ ಕಲ್ಲಿನ ರೋಗ ಹೆಚ್ಚಿತ್ತು, ದಕ್ಷಿಣದಲ್ಲಿ ವಿರಳ. ನೀರಿನ ಸುಣ್ಣವೇ ಕಲ್ಲಾಗುತ್ತದೆ ಎಂಬುದು ಜನರ ನಂಬಿಕೆ. ಮೆಕ್ಯಾರಿಸನ್ ಇಲಿಗಳಿಗೆ ಸುಣ್ಣದ ಅಂಶ ಹೆಚ್ಚಾಗಿಯೂ ಎ ವಿಟಮಿನ್ ಕಡಿಮೆಯಾಗಿಯೂ ಇರುವ ಆಹಾರ ಕೊಟ್ಟರು. ಹಲವು ಇಲಿಗಳಲ್ಲಿ ಕಲ್ಲು ಬೆಳೆಯಿತು. ಅದೇ ಆಹಾರಕ್ಕೆ ಸಾಕಷ್ಟು ಹಾಲು ಸೇರಿಸಿದಾಗ ಕಲ್ಲು ತಡೆಯಿತು. ಅಂದರೆ ಖನಿಜವೊಂದೇ ಅಪರಾಧಿಯಲ್ಲ. ಎ ವಿಟಮಿನ್ ಇಲ್ಲದಾಗ ಮೂತ್ರನಾಳದ ಒಳಪದರ ಒಣಗಿ ಒರಟಾಗಿ ಉದುರುತ್ತದೆ. ಆ ಉದುರಿನ ಸುತ್ತ ಸುಣ್ಣ ಕೂರಲು ಜಾಗ ಸಿಗುತ್ತದೆ. ಒಳಪದರ ಗಟ್ಟಿಯಾಗಿದ್ದರೆ ಅಷ್ಟೇ ಸುಣ್ಣ ಹರಿದು ಹೊರಗೆ ಹೋಗುತ್ತದೆ. 1931ರ ಹೊತ್ತಿಗೆ ಅವರು ಇದನ್ನೆಲ್ಲ ಪ್ರಕಟಿಸಿದರು. ಕಾಗದದಲ್ಲಿ ಸುಣ್ಣ ಕಟ್ಟಿಕೊಂಡು ಬಂದ ಹುಡುಗನಿಗೆ ಹೀಗೆ ಒಂದು ಉತ್ತರ ಸಿಕ್ಕಿತು. ದೇಹ ಪಾತ್ರೆಯಂತಲ್ಲ. ಪಾತ್ರೆ ಏನು ಬಂದರೂ ಹಿಡಿದಿಟ್ಟುಕೊಳ್ಳುತ್ತದೆ, ಪೋಷಣೆ ಪಡೆದ ದೇಹ ಎಷ್ಟೋ ಮಟ್ಟಿಗೆ ಆರಿಸಿಕೊಳ್ಳುತ್ತದೆ.

ನಮ್ಮಂಥ ಶಿಕ್ಷಕರಿಗೆ ಅವರು ಇನ್ನೊಂದು ಕಾರಣಕ್ಕೆ ಹತ್ತಿರದವರು. ಸಂಶೋಧನಾ ಪತ್ರಿಕೆಗಳಲ್ಲಿ ಬರೆದು ಸುಮ್ಮನಾಗದೆ, 1928ರಲ್ಲಿ ಆಹಾರದ ಮೇಲೆ ಒಂದು ಸಣ್ಣ ಪುಸ್ತಕವನ್ನು ಭಾರತದ ಶಾಲೆ, ಕಾಲೇಜು, ಸ್ಕೌಟ್ ದಳಗಳ ಬಳಕೆಗೆಂದೇ ಬರೆದರು. ದೇಶದ ಪೋಷಣೆ ಸುಧಾರಿಸಬೇಕಾದರೆ ಅದು ಶಾಲೆಯ ಮೂಲಕವೇ ಆಗಬೇಕು ಎಂಬ ತಿಳುವಳಿಕೆ ಅವರಿಗಿತ್ತು. 1933ರಲ್ಲಿ ಅವರಿಗೆ ಸರ್ ಪದವಿ ಬಂತು. 1935ರಲ್ಲಿ ನಿವೃತ್ತರಾಗಿ, ಪ್ರಯೋಗಾಲಯವನ್ನು ಡಾ. ಅಕ್ರಾಯ್ಡ್ ಅವರಿಗೆ ಒಪ್ಪಿಸಿ ಇಂಗ್ಲೆಂಡಿಗೆ ಹಿಂದಿರುಗಿದರು. ಆಕ್ಸ್‌ಫರ್ಡ್‌ನಲ್ಲಿ ವೈದ್ಯರ ಸ್ನಾತಕೋತ್ತರ ಶಿಕ್ಷಣದ ಹೊಣೆ ಹೊತ್ತು, 1960ರ ಮೇ 18ರಂದು ತೀರಿಕೊಂಡರು. ಅವರ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. 1969ರಿಂದ ಅದು ರಾಷ್ಟ್ರೀಯ ಪೋಷಣಾ ಸಂಸ್ಥೆ. ನಮ್ಮ ಪಠ್ಯಗಳಲ್ಲಿ ಬರುವ ಆಹಾರ ಮೌಲ್ಯದ ಕೋಷ್ಟಕಗಳು ಬಹುಮಟ್ಟಿಗೆ ಆ ಸಂಸ್ಥೆಯ ಕೆಲಸ.

ಇಲ್ಲಿಯವರೆಗೆ ಪಾಠ ಯೋಜನೆಯಂತೆಯೇ ನಡೆಯಿತು. ಸಹಪಾಠಿ ವೀಕ್ಷಕರು ಒಳ್ಳೆಯ ಅಂಕ ಬರೆದುಕೊಳ್ಳುತ್ತಿದ್ದರು. ಮುಕ್ತಾಯ ಹಂತದಲ್ಲಿ ಹುರುಪಿನಿಂದ ನಾನು ಒಂದು ಮಾತು ಸೇರಿಸಿದೆ. ನೀರಿನಲ್ಲಿ ಯಾವ ಖನಿಜವಿದ್ದರೂ ಚಿಂತೆಯಿಲ್ಲ, ಹಾಲು, ರಾಗಿ, ನೆಲ್ಲಿಕಾಯಿ, ಸೊಪ್ಪು ತಿಂದರೆ ಅದರ ದೋಷ ಪರಿಹಾರವಾಗುತ್ತದೆ ಎಂದುಬಿಟ್ಟೆ. ಉದಾಹರಣೆಗೆ ಫ್ಲೋರೈಡ್ ಹೆಸರನ್ನೂ ಹೇಳಿದೆ.

ಆ ತರಗತಿಯ ಎರಡನೆಯ ಬೆಂಚಿನಲ್ಲಿ ಪಾವಗಡ ಕಡೆಯಿಂದ ಬಂದ ಒಬ್ಬ ಹುಡುಗಿ ಇದ್ದಳು. ಉತ್ತರ ಹೇಳುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಅವಳಿಗೆ. ಸಂಕೋಚದ ಸ್ವಭಾವ ಎಂದುಕೊಂಡಿದ್ದೆ. ಮರುದಿನ ವಿರಾಮದ ವೇಳೆ ಸಿಬ್ಬಂದಿ ಕೋಣೆಯ ಬಾಗಿಲಿಗೆ ಬಂದು, ಎಷ್ಟು ತಿಂಗಳು ಹಾಲು ಕುಡಿದರೆ ತನ್ನ ಹಲ್ಲು ಬೆಳ್ಳಗಾಗುತ್ತದೆ ಮಿಸ್ ಎಂದು ಕೇಳಿದಳು. ಕೈ ತೆಗೆದಾಗ ಕಂದು ಪಟ್ಟೆಗಳು ಕಂಡವು. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲನ್ನು ಅವಳು ಬಿಡುತ್ತಿದ್ದಳಂತೆ, ಆ ದಿನ ಎರಡು ಲೋಟ ಕುಡಿದಿದ್ದಳು. ಮಾತಿನ ನಡುವೆ ಅವಳ ಮೂರು ವರ್ಷದ ತಮ್ಮ ಊರಿನಲ್ಲಿ ಅಜ್ಜಿಯ ಹತ್ತಿರವೇ ಬೆಳೆಯುತ್ತಿರುವುದೂ ತಿಳಿಯಿತು. ಕುಡಿಯಲು ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತಾರೆ, ಅಡುಗೆಗೆ ಮಾತ್ರ ಬೋರ್‌ವೆಲ್ ನೀರು, ಹೇಗೂ ಕುದಿಯುತ್ತದಲ್ಲ ಎಂದು ಅಜ್ಜಿ ಹೇಳುತ್ತಾರಂತೆ.

ನನಗೆ ಉತ್ತರ ಹೇಳಲಾಗಲಿಲ್ಲ. ನಾಳೆ ಹೇಳುತ್ತೇನೆ ಎಂದು ಕಳಿಸಿದೆ. ಸಂಜೆ ನಮ್ಮ ಮಾರ್ಗದರ್ಶಕರಿಗೆ ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ. ಮೆಕ್ಯಾರಿಸನ್ನರ ಗಳಗಂಡದ ಕಥೆಯನ್ನು ನಾನು ಪೂರ್ತಿ ಹೇಳಿದ್ದೆನೇ ಎಂದಷ್ಟೇ ಕೇಳಿದರು. ಹೇಳಿರಲಿಲ್ಲ. ಸಮಯ ಸಾಲದೆಂದು ಅದನ್ನು ಬಿಟ್ಟಿದ್ದೆ.

ಮರುದಿನದ ಅವಧಿಯನ್ನು ಅದಕ್ಕೇ ಇಟ್ಟೆ. ಮೊದಲು ನನ್ನ ಮಾತು ತಪ್ಪಾಗಿತ್ತೆಂದು ತರಗತಿಗೆ ಹೇಳಿದೆ. ಆಮೇಲೆ ಗಿಲ್ಗಿಟ್‌ನ ಕಥೆಯ ಉಳಿದ ಭಾಗ. ಮೆಕ್ಯಾರಿಸನ್ನರ ಲೆಕ್ಕ ಸರಿಯಿತ್ತು, ಪ್ರಯೋಗದಲ್ಲಿ ಧೈರ್ಯವಿತ್ತು. ಆದರೂ ಗಳಗಂಡದ ಮುಖ್ಯ ಕಾರಣ ಸೋಂಕಲ್ಲ, ಅಯೋಡಿನ್ ಕೊರತೆ ಎಂಬುದು ಮುಂದೆ ಸ್ಥಿರಪಟ್ಟಿತು. ನಮ್ಮ ದೇಶದಲ್ಲೇ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ರಾ ಕಣಿವೆಯಲ್ಲಿ ಆರಂಭಿಸಿದ ಅಧ್ಯಯನ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುತ್ತದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಒಂದು ಕಡೆ ಸರಿಯಾಗಿ ಕಂಡ ವಿಷಯವನ್ನು ಎಲ್ಲ ಕಡೆಗೂ ಹಿಗ್ಗಿಸಿದರೆ ದೊಡ್ಡವರೂ ಎಡವುತ್ತಾರೆ. ಕಲ್ಲಿನ ಪ್ರಯೋಗವನ್ನು ಫ್ಲೋರೈಡಿಗೆ ಹಿಗ್ಗಿಸಿ ನಾನು ಎಡವಿದ್ದೂ ಹಾಗೆಯೇ.

ಆಮೇಲೆ ಕಪ್ಪುಹಲಗೆಯನ್ನು ಮೂರು ಅಂಕಣ ಮಾಡಿದೆ: ಪೋಷಕಾಂಶದಿಂದ ಆಗುವುದು, ಆಗದಿರುವುದು, ನೀರಿನಿಂದಲೇ ಆಗಬೇಕಾದದ್ದು.

ಮೊದಲ ಅಂಕಣ. ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಕರುಳಿನಲ್ಲೇ ಫ್ಲೋರೈಡಿನ ಒಂದು ಭಾಗವನ್ನು ಕಟ್ಟಿಹಾಕಿ, ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಮಾಡಿ, ಮಲದೊಡನೆ ಹೊರಗೆ ಕಳಿಸುತ್ತದೆ. ಅದೇ ನೀರು ಕುಡಿದರೂ ಕ್ಯಾಲ್ಸಿಯಂ ಕೊರತೆಯಿರುವ ಮಕ್ಕಳ ಮೂಳೆಗೆ ಹೆಚ್ಚು ಹಾನಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಶಾಲೆಯಲ್ಲಿ ಕೊಡುವ 150 ಮಿಲಿಲೀಟರ್ ಹಾಲಿನಿಂದಲೂ ಒಳ್ಳೆಯ ಪಾಲು ಸಿಗುತ್ತದೆ. ಸೀಸದ ವಿಷಯವೂ ಹೀಗೆಯೇ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿದ್ದರೆ ಕರುಳು ಸೀಸವನ್ನು ಹೆಚ್ಚಾಗಿ ಹೀರುತ್ತದೆ. ಸೀಸಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ಈ ಎರಡರ ಕೊರತೆಯಿದ್ದರೆ ಅವನ್ನು ತುಂಬಿಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ. ಕ್ಯಾಡ್ಮಿಯಂ ಕೂಡ ಕಬ್ಬಿಣ ಕಡಿಮೆಯಿರುವ ದೇಹಕ್ಕೆ ಬೇಗ ಸೇರುತ್ತದೆ. ಕೈಗಾರಿಕೆಗಳ ಕೊಳಚೆ ಹೊತ್ತು ಕೆಂಗೇರಿಯ ಪಕ್ಕದಲ್ಲೇ ಹರಿಯುವ ವೃಷಭಾವತಿಯನ್ನು ದಿನವೂ ದಾಟಿ ಬರುವ ಮಕ್ಕಳಿಗೆ ಈ ಹೆಸರುಗಳು ದೂರದವಲ್ಲ.

ಎರಡನೆಯ ಅಂಕಣ. ಫ್ಲೋರೈಡ್ ಹಲ್ಲಿಗೆ ಕಲೆ ಹಾಕುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ. ಹಲ್ಲು ಹೊರಬಂದ ಮೇಲೆ ಹಾಲಾಗಲಿ ನೆಲ್ಲಿಕಾಯಾಗಲಿ ಆ ಕಲೆಯನ್ನು ಅಳಿಸುವುದಿಲ್ಲ. ಅದು ಹಲ್ಲುಜ್ಜದ ಕೊಳಕೂ ಅಲ್ಲ. ದಂತವೈದ್ಯರು ಅದನ್ನು ಮರೆಮಾಚಬಲ್ಲರು. ಇದನ್ನು ಹೇಳುವಾಗ ಆ ಹುಡುಗಿಯ ಕಡೆ ನೋಡದಂತೆ ಎಚ್ಚರ ವಹಿಸಿದೆ.

ಮೂರನೆಯ ಅಂಕಣ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಗಿಲ್ಗಿಟ್‌ನಲ್ಲಿ ಕುದಿಸಿದ ಗಸಿ ನಿರಪಾಯವೆನಿಸಿತ್ತು, ಪಾವಗಡದ ಬೋರ್‌ವೆಲ್ ನೀರಿಗೆ ಆ ಉಪಾಯ ನಡೆಯದು. ಆದ್ದರಿಂದ ಅನ್ನ, ಸಾರು, ಮುದ್ದೆಗೂ ಘಟಕದ ನೀರೇ ಆಗಬೇಕು.

ತರಗತಿ ಮುಗಿದ ಮೇಲೆ ಅವಳು ಮೂರನೆಯ ಅಂಕಣವನ್ನು ಮತ್ತೊಮ್ಮೆ ಬರೆದುಕೊಂಡಳು. ತನ್ನ ಹಲ್ಲಿನ ಮಾತು ಎತ್ತಲಿಲ್ಲ. ತಮ್ಮನಿಗೆ ಇನ್ನೂ ಹಾಲುಹಲ್ಲು, ಹೊಸ ಹಲ್ಲು ಬರುವಷ್ಟರಲ್ಲಿ ಸಮಯವಿದೆಯಲ್ಲವೇ ಎಂದು ಕೇಳಿದಳು. ಇದೆ ಎಂದೆ, ಆದರೆ ಆ ಹಲ್ಲುಗಳು ಈಗಲೇ ಒಳಗೆ ತಯಾರಾಗುತ್ತಿವೆ ಎಂದೂ ಹೇಳಿದೆ. ಆ ವಾರದ ಕೊನೆಗೆ ಅವಳ ತಾಯಿ ಊರಿಗೆ ಫೋನು ಮಾಡಿ ಅಡುಗೆಗೂ ಕ್ಯಾನ್ ನೀರು ತರುವಂತೆ ಹೇಳಿದರೆಂದು ತಿಳಿಯಿತು. ನನ್ನ ಅಭ್ಯಾಸ ಬೋಧನೆಯ ದಿನಗಳು ಮುಗಿಯುವವರೆಗೂ ಉತ್ತರ ಹೇಳುವಾಗ ಅವಳ ಕೈ ಬಾಯಿಯ ಬಳಿ ಹೋಗುತ್ತಲೇ ಇತ್ತು. ಒಂದು ಪಾಠದಿಂದ ಅದು ಬದಲಾಗುತ್ತದೆಂದು ನಾನೂ ನಿರೀಕ್ಷಿಸಬಾರದು. ಆದರೆ ಹಾಲಿನ ಲೋಟವನ್ನು ಅವಳು ಬಿಡಲಿಲ್ಲ.

ಜೀವನಚರಿತ್ರಾ ವಿಧಾನವನ್ನು ಬಳಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ಮೂರು ಸೂಚನೆ. ವಿಜ್ಞಾನಿಯ ಗೆಲುವಿನಷ್ಟೇ ಸಮಯವನ್ನು ಅವರ ತಪ್ಪಿಗೂ ಕೊಡಿ. ಸಮಯ ಸಾಲದಿದ್ದರೆ ಗೆಲುವಿನಲ್ಲಿ ಒಂದನ್ನು ಬಿಡಿ, ತಪ್ಪನ್ನು ಬಿಡಬೇಡಿ. ಮುಕ್ತಾಯ ಹಂತದ ವಾಕ್ಯಗಳನ್ನು ಮೊದಲೇ ಬರೆದುಕೊಳ್ಳಿ, ಹುರುಪಿನಲ್ಲಿ ಸೇರಿಸಿದ ಮಾತೇ ಮಕ್ಕಳಿಗೆ ಹೆಚ್ಚು ನೆನಪಿರುತ್ತದೆ. ರೋಗದ ಹೆಸರು ಹೇಳುವ ಮುನ್ನ ಆ ರೋಗ ತರಗತಿಯಲ್ಲೇ ಕುಳಿತಿರಬಹುದು ಎಂದು ಯೋಚಿಸಿ.

ಕಾಗದದಲ್ಲಿ ಕಟ್ಟಿದ ಆ ಸುಣ್ಣದ ಪುಡಿ ಈಗಲೂ ನನ್ನ ಪಾಠ ಯೋಜನೆಯ ಪುಸ್ತಕದಲ್ಲಿದೆ. ಮುಂದಿನ ಶಾಲೆಯಲ್ಲೂ ಪಾಠವನ್ನು ಅದರಿಂದಲೇ ಆರಂಭಿಸುವೆ.